ಹೇಸದವರ ಬ್ಯಾಚು

೨೦೨೩ನೇ ಇಸವಿ ಜೂನ್ ಹನ್ನೆರಡನೇ ತಾರೀಕು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಆ ಗಾಜಿನ ಕಟ್ಟಡದ ಮುಂಬಾಗಿಲು ತಾನಾಗಿಯೇ ತೆರೆದುಕೊಂಡಿತು. ಯಾರು ಬಂದರೂ ತೆರೆದುಕೊಳ್ಳುವ ಬಾಗಿಲು ಅದು. ಬಂದವರು ಯಾರ ಮಕ್ಕಳು ಎಂದು ಕೇಳುವಷ್ಟು ಬುದ್ಧಿ ಅದಕ್ಕಿನ್ನೂ ಬಂದಿರಲಿಲ್ಲ. ಆ ಕೆಲಸಕ್ಕೆಂದೇ ಪಕ್ಕದಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದ್ದರು.

"ಏನಮ್ಮಾ, ಎಲ್ಲಿಗೆ?"

"ಒಳಗೆ."

"ಒಳಗೆ ಅಂತ ನಂಗೂ ಕಾಣಿಸ್ತಿದೆ. ಕ್ಲೀನಿಂಗಿನವರು ಹಿಂದಿನ ಗೇಟು."

ಹುಡುಗಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟಿದ್ದಳು. ತಲೆ ನೀಟಾಗಿ ಬಾಚಿದ್ದಳು. ಹೆಗಲಲ್ಲಿ ಸರ್ಟಿಫಿಕೇಟುಗಳ ಚೀಲವಿತ್ತು. ಆದರೆ ಮುಖ ಮಾತ್ರ ಅವ್ವನದು, ಅಚ್ಚು ಒತ್ತಿದ ಹಾಗೆ. ಆ ಮುಖವನ್ನು ಕಾವಲುಗಾರ ಹನ್ನೊಂದು ವರ್ಷಗಳಿಂದ ಹಿಂದಿನ ಗೇಟಿನಲ್ಲಿ ನೋಡಿದ್ದ. ಮುಂದಿನ ಬಾಗಿಲಲ್ಲಿ ಕಂಡದ್ದಕ್ಕೆ ಪಾಪ, ಅವನಿಗೆ ಗಾಬರಿಯಾಗಿತ್ತು.

"ಕ್ಲೀನಿಂಗ್ ಅಲ್ಲ. ಐಟಿ ಕೋರ್ಸಿಗೆ," ಎಂದಳು ಹುಡುಗಿ. ಫೋನಿನಲ್ಲಿ ಬಂದ ಸಂದೇಶ ತೋರಿಸಿದಳು.

ಅವನು ಓದಿದ. ಮತ್ತೊಮ್ಮೆ ಓದಿದ. ಸಂದೇಶದಲ್ಲಿ ತಪ್ಪೇನೂ ಸಿಗಲಿಲ್ಲ. "ಹೋಗು ಹೋಗು," ಎಂದ, ಮನೆಯ ಒಂದು ಕೋಣೆ ಬಿಟ್ಟುಕೊಡುವವನ ಹಾಗೆ. "ಕಾಲು ಒರೆಸ್ಕೊಂಡು ಹೋಗು. ಈಗ ತಾನೇ ಒರೆಸಿದಾರೆ."

ಈಗ ತಾನೇ ಒರೆಸಿದವಳು ಹುಡುಗಿಯ ಅವ್ವ. ಬಾಗಿಲ ಗಾಜನ್ನು ಒಳಗಿನಿಂದ ಒರೆಸುತ್ತಿದ್ದವಳೂ ಅವಳೇ. ಒರೆಸಬಹುದಿತ್ತು, ದಾಟುವಂತಿರಲಿಲ್ಲ.

ಮಾಹಿತಿ ತಂತ್ರಜ್ಞಾನ ಆ ಮನೆಗೆ ಹೊಸದೇನೂ ಅಲ್ಲ. ಕಂಪ್ಯೂಟರ್ ಬರುವುದಕ್ಕೆ ಮುಂಚೆಯೇ ಅದು ಬಂದು ಸೇರಿಕೊಂಡಿತ್ತು.

ಮೊದಲು ಬಂದದ್ದು ಅವ್ವನ ಹೆಬ್ಬೆರಳಿಗೆ. ಕಚೇರಿಯ ಹಿಂದಿನ ಗೇಟಿನಲ್ಲಿ ಹಾಜರಿಯ ಯಂತ್ರ ಹಾಕಿದರು. ಬೆರಳಿಟ್ಟರೆ ಅದು ಹಸಿರು ದೀಪ ತೋರಿಸಿ ಥ್ಯಾಂಕ್ಯೂ ಎನ್ನಬೇಕು. ಅವ್ವನ ಬೆರಳು ಇಟ್ಟರೆ ಕೆಂಪು ದೀಪ ತೋರಿಸಿ ಮತ್ತೆ ಪ್ರಯತ್ನಿಸಿ ಎನ್ನುತ್ತಿತ್ತು. ಕಕ್ಕಸಿನ ಹಾಸುಗಲ್ಲಿನ ಕಲೆ ಹೋಗಿಸುವ ಆಸಿಡ್ಡು ಕಲೆಯ ಜೊತೆಗೆ ಬೆರಳಿನ ಗೆರೆಗಳನ್ನೂ ಅಳಿಸಿತ್ತು. ಯಂತ್ರದ ಲೆಕ್ಕದಲ್ಲಿ ಅವ್ವ ಬರುತ್ತಲೇ ಇರಲಿಲ್ಲ. ಕಕ್ಕಸುಗಳು ತಮ್ಮಷ್ಟಕ್ಕೆ ತಾವೇ ತೊಳೆದುಕೊಳ್ಳುತ್ತಿದ್ದವು.

ಆಮೇಲೆ ಬಂದದ್ದು ಅಪ್ಪನ ಮುಖಕ್ಕೆ. ಅಪ್ಪ ಊರಿನ ಒಳಚರಂಡಿಗೆ ಇಳಿಯುವವನು. ಇಳಿದದ್ದಕ್ಕೆ ಸಾಕ್ಷಿ ಬೇಕೆಂದು ಗುತ್ತಿಗೆದಾರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದ. ಎದೆಮಟ್ಟ ಇಳಿದು ನಿಲ್ಲಬೇಕು. ಮೇಲಿದ್ದವನು ಫೋಟೊ ಹಿಡಿಯಬೇಕು. ಹಲವು ಸಲ ಫೋನು ಹೇಳುತ್ತಿತ್ತು: ಮುಖ ಸ್ಪಷ್ಟವಾಗಿಲ್ಲ, ದಯವಿಟ್ಟು ಒರೆಸಿಕೊಳ್ಳಿ. ಎಂಥ ಮರ್ಯಾದೆಯ ಫೋನು! ದಯವಿಟ್ಟು ಎನ್ನುತ್ತಿತ್ತು. ಯಾವ ಕೈಯಲ್ಲಿ ಒರೆಸಿಕೊಳ್ಳಬೇಕು ಎನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ.

ಹುಡುಗಿ ಸಣ್ಣವಳಿದ್ದಾಗ ಅಪ್ಪ ಅವಳಿಗೆ ಒಂದೇ ಒಂದು ವಿದ್ಯೆ ಹೇಳಿಕೊಟ್ಟಿದ್ದ. ಆಟದ ಹಾಗೆ ಹೇಳಿಕೊಟ್ಟಿದ್ದ. "ಮುಚ್ಚಳ ತೆಗೆದ ಮೇಲೆ ನಿಂಗೆ ಮೂಗೇ ಇಲ್ಲ ಅನ್ಕೋಬೇಕು. ಬಾಯಲ್ಲಿ ನಿಧಾನಕ್ಕೆ ಎಳ್ಕೋ. ಹಿಡ್ಕೋ. ಇನ್ನೂ ನಿಧಾನಕ್ಕೆ ಬಿಡು. ನೀನು ಎಲ್ಲಿದೀಯ ಅಂತ ಎದೆಗೆ ಗೊತ್ತಾಗ್ಬಾರ್ದು ನೋಡು. ಗೊತ್ತಾದ್ರೆ ಅದು ಹೆದರ್ಕೊಂಡು ಹೊಡ್ಕೊಳ್ಳುತ್ತೆ. ಹೊಡ್ಕೊಂಡ್ರೆ ಉಸಿರು ಜಾಸ್ತಿ ಬೇಕಾಗುತ್ತೆ. ಅಲ್ಲಿ ಅದು ಸಿಗಲ್ಲ."

ಅಪ್ಪ ಮಗಳು ಇಬ್ಬರೂ ಹೊಸ್ತಿಲ ಮೇಲೆ ಕೂತು ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದರು. ಅವ್ವ ಬಂದು ಇಬ್ಬರ ಬೆನ್ನಿಗೂ ಗುದ್ದುತ್ತಿದ್ದಳು. "ಮಗೂಗೆ ಕಲ್ಸೋಕೆ ಬೇರೇನೂ ಸಿಗ್ಲಿಲ್ವಾ ನಿಂಗೆ?" ಅಪ್ಪನಿಗೆ ನಿಜವಾಗಿಯೂ ಬೇರೇನೂ ಸಿಕ್ಕಿರಲಿಲ್ಲ.

ಹುಡುಗಿ ಗಣಿತ ಕಲಿತಳು. ವಿಜ್ಞಾನ ತೆಗೆದುಕೊಂಡು ಹನ್ನೆರಡನೇ ತರಗತಿ ಪಾಸಾದಳು. ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರುಗಳಿಗಿಂತ ಅವುಗಳ ಮೇಲೆ ಹೊದಿಸಿದ ಕವರುಗಳೇ ಗಟ್ಟಿಯಾಗಿದ್ದವು. ಆದರೂ ಒಂದು ದಿನ ಅವಳು ಪುಟ್ಟದೊಂದು ಪ್ರೋಗ್ರಾಂ ಬರೆದು ಓಡಿಸಿದಳು. ಸರಿಯಾದ ಉತ್ತರ ಬಂತು. ಪಕ್ಕದ ಹುಡುಗಿಯೂ ಅದನ್ನೇ ಓಡಿಸಿದಳು. ಅದೇ ಉತ್ತರ ಬಂತು. ಯಾರು ಕೇಳಿದರೂ ಒಂದೇ ಉತ್ತರ ಕೊಡುವ ಮನುಷ್ಯರನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಓದಿದರೆ ಇದನ್ನೇ ಓದಬೇಕು ಎಂದು ಅಂದೇ ಅವಳಿಗೆ ಅನ್ನಿಸಿಬಿಟ್ಟಿತು.

ಇಂಥ ಹೊತ್ತಿಗೆ ಅವ್ವನ ಕಚೇರಿಯಿಂದ ಒಂದು ಪುಣ್ಯಕಾರ್ಯ ಹೊರಟಿತು. ಅದರ ಹೆಸರು ಶುಭ್ರ ಭವಿಷ್ಯ. ಕ್ಲೀನಿಂಗ್ ಕೆಲಸದವರ ಮಕ್ಕಳಿಗೆಂದೇ ಮೀಸಲು. ಎರಡು ವರ್ಷದ ಮಾಹಿತಿ ತಂತ್ರಜ್ಞಾನದ ಡಿಪ್ಲೊಮಾ, ಉಚಿತ. ಮುಗಿದ ಮರುದಿನವೇ ಅದೇ ಕಟ್ಟಡದಲ್ಲಿ ಕೆಲಸ, ಖಾತ್ರಿ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ವಿಶೇಷ ವಿಷಯ, ಕಂಟೆಂಟ್ ಕ್ಲೀನಿಂಗ್.

ಇನ್ನೊಂದು ಕಡೆ ಸರ್ಕಾರಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿಗೆ ಅವಳಿಗೆ ಸೀಟು ಸಿಕ್ಕಿತ್ತು. ಅಲ್ಲಿ ಖಾತ್ರಿಯಾಗಿದ್ದದ್ದು ಬಸ್ಸು ಹತ್ತುವುದೊಂದೇ. ಸೇರುವುದಾದರೆ ಸೋಮವಾರ ಸಂಜೆ ನಾಲ್ಕರೊಳಗೆ ಹೋಗಿ ಸೇರಬೇಕು. ತಪ್ಪಿದರೆ ಸೀಟು ಮುಂದಿನವರಿಗೆ.

ಅವ್ವನ ತಮ್ಮ, ನೀರಿನ ಟ್ಯಾಂಕರ್ ಓಡಿಸುವ ಮಾವ, ಭಾನುವಾರ ಬಂದು ನಡುಮನೆಯಲ್ಲಿ ಕೂತ. ನಡುಮನೆ, ಹಿಂಬದಿ ಮನೆ, ಅಡುಗೆಮನೆ ಎಲ್ಲವೂ ಅದೊಂದೇ ಕೋಣೆ. ಮಾವ ಕಂಪ್ಯೂಟರನ್ನು ಮುಟ್ಟಿದವನಲ್ಲ. ಹಾಗಾಗಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ.

"ಐಟಿ ಅಂದ್ರೆ ಏನು ಹೇಳು ನೋಡೋಣ," ಎಂದ ಸೊಸೆಗೆ.

"ಮಾಹಿತೀನ..."

"ಎಸಿ! ಐಟಿ ಅಂದ್ರೆ ಎಸಿ. ಬೆವರದೆ ದುಡಿಯೋದಕ್ಕೆ ಐಟಿ ಅಂತಾರೆ. ಉಳಿದದ್ದೆಲ್ಲ ಆಮೇಲೆ. ಕೆಲಸ ಖಾತ್ರಿ ಅಂತ ಬಾಯ್ಬಿಟ್ಟು ಹೇಳ್ತಿದಾರೆ, ಇವಳು ನೋಡಿದ್ರೆ ಸರ್ಕಾರಿ ಕಾಲೇಜು ಅಂತಾಳೆ. ತಲೆ ನೆಟ್ಟಗಿದೆಯಾ ಇವಳಿಗೆ?"

ಅಪ್ಪ ಗೋಡೆಗೆ ಒರಗಿ ಕೆಮ್ಮುತ್ತಿದ್ದ. ಕೆಮ್ಮಿನ ನಡುವೆ ಜಾಗ ಮಾಡಿಕೊಂಡು ಕೇಳಿದ. "ಕೆಲಸ ಖಾತ್ರಿ ಸರಿ. ಏನು ಕೆಲಸ?"

"ಕಂಪ್ಯೂಟರ್ ಕೆಲ್ಸ, ಭಾವ."

"ಕಂಪ್ಯೂಟರಲ್ಲಿ ಏನು?"

"ಅದನ್ನೆಲ್ಲ ಅವರು ಕಲಿಸ್ತಾರೆ. ಎಲ್ಲಾ ಗೊತ್ತಿದ್ರೆ ಓದೋದು ಯಾಕೆ?"

"ಅಲ್ಲ ಕಣೋ," ಎಂದ ಅಪ್ಪ. "ನಮಗೇ ಅಂತ ಬೇರೆ ತೆಗೆದಿಟ್ಟಿದ್ದು ಯಾವ್ದಾದ್ರೂ ಚೆನ್ನಾಗಿದ್ದದ್ದು ನೋಡಿದೀಯಾ ನೀನು? ಬೇರೆ ಗೇಟು. ಬೇರೆ ಲೋಟ. ಬೇರೆ ಲಿಫ್ಟು. ಈಗ ಬೇರೆ ಐಟಿ."

"ಭಾವಂಗೆ ಚರಂಡಿ ಬಿಟ್ರೆ ಎಲ್ಲದ್ರಲ್ಲೂ ಅನುಮಾನ," ಎಂದು ಮಾವ ನಕ್ಕ. ಯಾರೂ ನಗಲಿಲ್ಲ. ಮಾವ ತನ್ನ ನಗುವನ್ನು ಟೀ ಲೋಟದೊಳಗೆ ಬಿಟ್ಟು ಕುಡಿದುಬಿಟ್ಟ.

ಅವ್ವನಿಗೆ ಬೇರೊಂದು ಪ್ರಶ್ನೆಯಿತ್ತು. "ಅದೇನೋ ಕ್ಲೀನಿಂಗ್ ಅಂತ ಇದೆಯಲ್ಲ ಮಗಾ?"

ಹುಡುಗಿ ತಿಳಿದವಳ ಧಾಟಿಯಲ್ಲಿ ವಿವರಿಸಿದಳು. ಕಂಪ್ಯೂಟರಿನಲ್ಲಿ ಕ್ಲೀನಿಂಗ್ ಎಂದರೆ ಪೊರಕೆ ಬಕೆಟ್ ಅಲ್ಲ. ಕಂಪ್ಯೂಟರಿಗೆ ಹಾಕಿದ ಅಂಕಿಗಳಲ್ಲಿ ತಪ್ಪಿರುತ್ತವೆ. ಒಂದೇ ಹೆಸರು ಎರಡು ಸಲ ಇರುತ್ತದೆ. ವಯಸ್ಸಿನ ಜಾಗದಲ್ಲಿ ಮುನ್ನೂರು ಎಂದು ಬಿದ್ದಿರುತ್ತದೆ. ಅಂಥವನ್ನು ಹುಡುಕಿ ತೆಗೆಯುವುದಕ್ಕೆ ಕ್ಲೀನಿಂಗ್ ಎನ್ನುತ್ತಾರೆ. ಗಣಿತ ಬಲ್ಲವರು ಮಾಡುವ ಕೆಲಸ. ಪುಸ್ತಕದಲ್ಲಿ ಓದಿದ್ದೇನೆ.

ಅವ್ವ ಗಮನವಿಟ್ಟು ಕೇಳಿದಳು. ಎಲ್ಲ ಅರ್ಥವಾದವಳ ಹಾಗೆ ತಲೆಯಾಡಿಸಿದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಹಳದಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮಗಳ ಚೀಲದಲ್ಲಿಟ್ಟಳು. ಸಾಹೇಬರ ಕೋಣೆಗಳ ಟಿವಿ ಒರೆಸಲು ಕೊಟ್ಟಿದ್ದ ಮೆತ್ತನೆಯ ಬಟ್ಟೆ.

"ಇದೇನವ್ವ?"

"ಸ್ಕ್ರೀನಿಗೆ ಇದೇ ಒಳ್ಳೇದು. ಗೆರೆ ಬೀಳಲ್ಲ. ಬೇರೆ ಬಟ್ಟೆ ಹಾಕ್ಬೇಡ, ಬೈತಾರೆ."

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟೆಲ್ಲ ವಿವರಿಸಿದ ಮೇಲೂ ಅವ್ವನ ತಲೆಯೊಳಗೆ ಕ್ಲೀನಿಂಗ್ ಕ್ಲೀನಿಂಗ್ ಆಗಿಯೇ ಉಳಿದಿತ್ತು. ಅವ್ವನೂ ನಕ್ಕಳು, ಯಾಕೆಂದು ತಿಳಿಯದೆ. ಬಟ್ಟೆ ಚೀಲದಲ್ಲೇ ಉಳಿಯಿತು.

ಮೊದಲು ಇಲ್ಲಿಯ ಸಂದರ್ಶನ ನೋಡುವುದು. ಸರಿ ಬರದಿದ್ದರೆ ನಾಲ್ಕರೊಳಗೆ ಸರ್ಕಾರಿ ಕಾಲೇಜಿಗೆ ಓಡುವುದು. ಹುಡುಗಿ ಹೀಗೆ ಲೆಕ್ಕ ಹಾಕಿದ್ದಳು. ಸರಿ ಬರುತ್ತದೆ ಎಂದೇ ಅವಳ ಎಣಿಕೆ. ಅಪ್ಪನ ಕೆಮ್ಮು ನಾಲ್ಕು ವರ್ಷದ ಡಿಗ್ರಿಗೆ ಕಾಯುವ ಹಾಗಿರಲಿಲ್ಲ.

ಸಂದರ್ಶನದ ಕೋಣೆ ನಾಲ್ಕನೇ ಮಹಡಿಯಲ್ಲಿತ್ತು. ಮಾವ ಹೇಳಿದ್ದ ಎಸಿ ಇತ್ತು. ಅಲ್ಲಿಗೆ ಮಾವನ ಮಾತು ನೂರಕ್ಕೆ ನೂರು ನಿಜವಾಯಿತು.

ಎದುರು ಕೂತವರು ಯೋಜನೆಯ ಮುಖ್ಯಸ್ಥರು. ಕ್ಲೀನಿಂಗ್ ಹೆಂಗಸರು ತಮ್ಮೊಳಗೆ ಅವರನ್ನು ನಗೆಸಾಹೇಬರು ಎನ್ನುತ್ತಿದ್ದರು. ಬೈಯುವಾಗಲೂ ನಗುವ ಮುಖ. ರಜೆ ಇಲ್ಲ ಎನ್ನುವಾಗ ಇನ್ನೂ ಹೆಚ್ಚು ನಗು. ಪಕ್ಕದ ಮೇಜಿನಲ್ಲಿ ಒಬ್ಬ ಎಂಜಿನಿಯರ್ ಕೂತಿದ್ದ. ಕುತ್ತಿಗೆಯಲ್ಲಿ ಗುರುತಿನ ಕಾರ್ಡು. ಗೋಡೆಯ ಮೇಲಿನ ದೊಡ್ಡ ಪರದೆಗೆ ಬೆನ್ನು ಹಾಕಿ ಕೂತಿದ್ದ. ಅದೊಂದು ವಿಚಿತ್ರ ಎನಿಸಿತು ಹುಡುಗಿಗೆ. ಪರದೆ ನಡೆಸುವವನು ಅವನೇ.

"ಬಾಮ್ಮಾ ಬಾ. ಹೆದರ್ಕೋಬೇಡ. ಇದು ಪರೀಕ್ಷೆ ಅಲ್ಲ, ಪರಿಚಯ," ಎಂದರು ನಗೆಸಾಹೇಬರು.

"ಗಣಿತದ ಪ್ರಶ್ನೆ ಇರುತ್ತಾ ಸಾರ್?"

"ಗಣಿತಾನಾ?" ಅವರಿಗೆ ಖುಷಿಯಾಯಿತು. ಮಗು ಚಂದಿರ ಬೇಕು ಎಂದಾಗ ದೊಡ್ಡವರಿಗೆ ಆಗುವಂಥ ಖುಷಿ. "ಬೇಡಮ್ಮಾ, ಅದೆಲ್ಲ ಜನರಲ್ ಬ್ಯಾಚಿನವರಿಗೆ. ನಿಮಗೆ ಯಾಕೆ ಅಷ್ಟು ಕಷ್ಟ? ಬೆರಳು ಕೊಡು."

ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಒಂದು ಸಾಧನವನ್ನು ಅವಳ ತೋರುಬೆರಳಿಗೆ ಸಿಕ್ಕಿಸಿದರು. ಎಂಜಿನಿಯರನ ಮೇಜಿನ ಮೇಲಿದ್ದ ಸಣ್ಣ ತೆರೆಯಲ್ಲಿ ಒಂದು ಅಂಕಿ ಮೂಡಿತು. ಎಪ್ಪತ್ತಾರು. ನಾಡಿ ಬಡಿತ, ನಿಮಿಷಕ್ಕೆ.

"ನಾವು ಕೆಲವು ಚಿತ್ರ ತೋರಿಸ್ತೀವಿ. ನೀನು ಸುಮ್ಮನೆ ನೋಡ್ತಾ ಇರು. ಅಂಕಿ ತೊಂಬತ್ತು ದಾಟಬಾರದು. ಅಷ್ಟೇ. ದಾಟಲಿಲ್ಲ ಅಂದ್ರೆ ಸೀಟು ನಿಂದು, ಕೆಲಸ ನಿಂದು."

ಪರದೆ ಬೆಳಗಿತು.

ಮೊದಲ ಚಿತ್ರ ಒಂದು ನಾಯಿಯದು. ನಾಯಿ ಬದುಕಿತ್ತು, ಬದುಕಿರಬಾರದಿತ್ತು. ಎರಡನೆಯದು ರಸ್ತೆ ಅಪಘಾತ. ಮೂರನೆಯದರಲ್ಲಿ ಮನುಷ್ಯರು ಇನ್ನೊಬ್ಬ ಮನುಷ್ಯನಿಗೆ ಏನೋ ಮಾಡುತ್ತಿದ್ದರು, ನಗುತ್ತ. ಅದೇನು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಪುಸ್ತಕ ಮುಚ್ಚಿಟ್ಟುಬಿಡುತ್ತಾರೆ. ಮುಚ್ಚಿಡುವ ಅವಕಾಶ ಇಲ್ಲದಿರುವುದಕ್ಕೇ ಅಲ್ಲಿ ಕೆಲಸ ಎಂದು ಹೆಸರು.

  ಅಂಕಿ ಎಂಬತ್ತನಾಲ್ಕಕ್ಕೆ ಏರಿತು. ಆಗ ಹುಡುಗಿಗೆ ಅಪ್ಪನ ವಿದ್ಯೆ ತಾನಾಗಿಯೇ ನೆನಪಾಯಿತು. ಬಾಯಲ್ಲಿ ಎಳೆದುಕೊಂಡಳು. ಹಿಡಿದಳು. ನಿಧಾನಕ್ಕೆ ಬಿಟ್ಟಳು. ಎಲ್ಲಿದ್ದೇನೆಂದು ಎದೆಗೆ ತಿಳಿಯಗೊಡಲಿಲ್ಲ. ಎಂಬತ್ತು. ಎಪ್ಪತ್ತೇಳು. ನಾಲ್ಕನೆಯ, ಐದನೆಯ ಚಿತ್ರ ಬಂದು ಹೋದವು. ಎಪ್ಪತ್ತೆರಡು.

"ನೋಡಿ, ನೋಡಿ!" ನಗೆಸಾಹೇಬರು ಎಂಜಿನಿಯರನ ಭುಜ ತಟ್ಟಿದರು. "ನಾನು ಹೇಳ್ಲಿಲ್ವಾ? ಕಲ್ಲಿದ್ದ ಹಾಗೆ ಕೂತಿದಾಳೆ."

ಎಂಜಿನಿಯರ್ ಅಂಕಿಯನ್ನು ಮಾತ್ರ ನೋಡಿದ. ಪರದೆಯತ್ತ ತಿರುಗಲಿಲ್ಲ.

"ಸಾರ್," ಎಂದಳು ಹುಡುಗಿ. "ಇದು ಯಾವ ಕೆಲಸಕ್ಕೆ?"

"ಕಂಟೆಂಟ್ ಕ್ಲೀನಿಂಗ್ ಅಮ್ಮ. ಜನ ಫೋನಲ್ಲಿ, ಇಂಟರ್ನೆಟ್ಟಲ್ಲಿ ದಿನಾ ಏನೇನೋ ಹೊಲಸು ಹಾಕ್ತಿರ್ತಾರೆ. ಅದನ್ನ ಯಾರಾದ್ರೂ ಕೂತು ನೋಡಿ ತೆಗೀಬೇಕು. ಒಬ್ಬರು ನೋಡಿದ್ರೆ ತಾನೇ ಉಳಿದವರು ನೋಡೋದು ತಪ್ಪೋದು? ದೊಡ್ಡ ಸಮಾಜಸೇವೆ."

"ದಿನಕ್ಕೆ ಎಷ್ಟು ಹೊತ್ತು?"

"ಎಂಟು ಗಂಟೆ. ನಡುವೆ ಊಟಕ್ಕೂ ಬಿಡ್ತೀವಿ." ಊಟಕ್ಕೂ ಎನ್ನುವಾಗ ಅವರ ಧ್ವನಿಯಲ್ಲಿ ಉದಾರತೆ ತುಂಬಿತ್ತು.

"ಪ್ರೋಗ್ರಾಂ ಬರೆಯೋದು ಯಾವಾಗ ಕಲಿಸ್ತೀರಿ?"

"ಮೌಸ್ ಹಿಡಿಯೋಕೆ ಬರುತ್ತಲ್ಲ ನಿಂಗೆ?"

"ಬರುತ್ತೆ."

"ಮತ್ತೆ? ಅರ್ಧ ಕೋರ್ಸು ಮುಗಿದ ಹಾಗೇ."

 ಚೀಲದೊಳಗೆ ನಾಲ್ಕು ಮಡಿಕೆಯಾಗಿ ಮಲಗಿದ್ದ ಹಳದಿ ಬಟ್ಟೆ ಹುಡುಗಿಗೆ ನೆನಪಾಯಿತು. ಅವ್ವನಿಗೆ ಸರಿಯಾಗಿಯೇ ಅರ್ಥವಾಗಿತ್ತು. ಅರ್ಥವಾಗದೆ ನಕ್ಕವಳು ಹನ್ನೆರಡನೇ ತರಗತಿ ಪಾಸಾದವಳು.

"ಇದನ್ನ ಕಂಪ್ಯೂಟರೇ ಮಾಡಲ್ವಾ ಸಾರ್?"

"ಮುಂದೆ ಮಾಡುತ್ತೆ. ಯಾವುದು ಹೊಲಸು ಅಂತ ಅದಕ್ಕೂ ಯಾರಾದ್ರೂ ಮೊದಲು ತೋರಿಸಿಕೊಡಬೇಕಲ್ಲ. ನಿಮ್ಮವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ನಗೆಸಾಹೇಬರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನಿಜ ಹೇಳ್ಬೇಕು ಅಂದ್ರೆ, ಮೊದಲು ಎಂಜಿನಿಯರುಗಳನ್ನೇ ಕೂರಿಸಿದ್ವಿ. ಎರಡು ತಿಂಗಳಿಗೆ ನಿದ್ದೆ ಬರಲ್ಲ, ಊಟ ಸೇರಲ್ಲ ಅಂತ ಡಾಕ್ಟರ ಹತ್ರ ಓಡಿದ್ರು. ಪಾಪ, ಒಳ್ಳೊಳ್ಳೆ ಮನೆಯ ಮಕ್ಕಳು. ಆಮೇಲೆ ನಂಗೆ ಹೊಳೀತು. ಅಸಹ್ಯಪಡದೆ ಇರೋ ಗುಣ ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಬಂದಿರುತ್ತೆ. ಅದೊಂದು ಪ್ರತಿಭೆ. ಆ ಪ್ರತಿಭೆ ಸುಮ್ಮನೆ ಕಕ್ಕಸಲ್ಲಿ, ಚರಂಡೀಲಿ ಹಾಳಾಗ್ತಿತ್ತು. ಅದನ್ನ ನಾವು ಐಟಿಗೆ ತಂದ್ವಿ."

ಅಷ್ಟರಲ್ಲಿ ಪರದೆ ಮಿಣಮಿಣ ಎಂದು ಆರಿತು. ತಂತಿ ಸಡಿಲವಾಗಿತ್ತು. ಎಂಜಿನಿಯರ್ ಎದ್ದು ಗೋಡೆಯ ಹತ್ತಿರ ಹೋದ. ತಂತಿ ಒತ್ತಿದ. ಪರದೆ ಫಕ್ಕನೆ ಹೊತ್ತಿಕೊಂಡಿತು. ಅವನ ಮೂಗಿನ ಮುಂದೆಯೇ, ಗೋಡೆಯಗಲಕ್ಕೆ, ಆರನೇ ಚಿತ್ರ.

ಅವನು ಎರಡು ಹೆಜ್ಜೆ ಹಿಂದಕ್ಕೆ ಬಂದ. ಬಾಯಿಗೆ ಕೈ ಒತ್ತಿಕೊಂಡ. ಕೈ ಸಾಲಲಿಲ್ಲ. ಬೆಳಗಿನ ತಿಂಡಿಯೆಲ್ಲ ನೆಲಕ್ಕೆ ಬಿತ್ತು. ಮೇಜಿನ ಕಾಲಿಗೆ, ಹುಡುಗಿಯ ಕುರ್ಚಿಯ ಚಕ್ರಕ್ಕೆ, ಅವಳ ಚಪ್ಪಲಿಯ ತುದಿಗೆ ಸಿಡಿಯಿತು.

"ಅಯ್ಯೋ, ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದು ನಗೆಸಾಹೇಬರು ಅವನಿಗೆ ನೀರು ಕೊಟ್ಟರು. ಬೆನ್ನು ಸವರಿದರು. ಹುಡುಗಿಗೆ ಸಮಜಾಯಿಷಿ ಹೇಳಿದರು. "ಎಂಜಿನಿಯರ್ ಅಲ್ವಾ. ಸೂಕ್ಷ್ಮ." ಆಮೇಲೆ ಮೇಜಿನ ಗುಂಡಿ ಒತ್ತಿದರು.

ಪಕ್ಕದ ಸಣ್ಣ ಬಾಗಿಲು ತೆರೆಯಿತು. ಈ ಬಾಗಿಲು ತಾನಾಗಿ ತೆರೆಯುವಂಥದ್ದಲ್ಲ, ತಳ್ಳಬೇಕು. ತಳ್ಳಿಕೊಂಡು ಬಂದವಳು ಅವ್ವ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಒರೆಸುವ ಕೋಲು, ಬಟ್ಟೆ.

ಅವ್ವ ಮಗಳನ್ನು ನೋಡಿದಳು. ನೋಡಿಯೂ ನೋಡದವಳ ಹಾಗೆ ಕಣ್ಣು ಕೆಳಗೆ ಹಾಕಿದಳು. ಕೋಣೆಯೊಳಗೆ ಕೂತವರ ಜೊತೆ ಮಾತಾಡುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಮೇಜಿನ ಕೆಳಗೆ ಕೋಲು ಹೋಗುವುದಿಲ್ಲ. ಹಾಗಾಗಿ ಮಂಡಿಯೂರಿದಳು. ಗೆರೆ ಅಳಿದ ಬೆರಳುಗಳು ಎಂಜಿನಿಯರನ ತಿಂಡಿಯನ್ನು ಬಟ್ಟೆಯೊಳಗೆ ಬಾಚಿಕೊಂಡವು. ಹಿಂಡಿದಳು. ಮತ್ತೆ ಬಾಚಿದಳು.

"ನೋಡು, ಇದನ್ನೇ ನಾನು ಹೇಳಿದ್ದು," ಎಂದರು ನಗೆಸಾಹೇಬರು, ಪಾಠದ ನಡುವೆ ಉದಾಹರಣೆ ಸಿಕ್ಕಿದ ಮೇಷ್ಟರ ಹಾಗೆ. ಬೆರಳು ಚಾಚಿ ತೋರಿಸಿದರು. "ಮುಖ ಕಿವುಚಿದ್ಲಾ? ಮೂಗು ಮುಚ್ಕೊಂಡ್ಲಾ? ಇಲ್ಲ. ಅವಳಿಗೆ ಅದು ಅನ್ನಿಸೋದೇ ಇಲ್ಲ."

ಎಂಬತ್ತೊಂದು. ಎಂಬತ್ತೇಳು.

ಅವ್ವ ಒರೆಸುತ್ತ ಒರೆಸುತ್ತ ಮಗಳ ಕುರ್ಚಿಯ ತನಕ ಬಂದಳು. ಚಪ್ಪಲಿಯ ತುದಿ ಒರೆಸಿದಳು. ತಲೆ ಎತ್ತದೆ, ಹನ್ನೊಂದು ವರ್ಷ ಆ ಕಟ್ಟಡದ ಪ್ರತಿಯೊಂದು ಕುರ್ಚಿಗೂ ಹೇಳಿದ್ದ ಮಾತನ್ನು ಹೇಳಿದಳು.

"ಸ್ವಲ್ಪ ಕಾಲು ಎತ್ತಿ, ಮೇಡಂ."

ಹೆತ್ತ ಮಗಳಿಗೆ. ಬಹುವಚನದಲ್ಲಿ. ಅಭ್ಯಾಸದಿಂದ ಹೇಳಿದಳೋ, ನಿಯಮಕ್ಕೆ ಹೆದರಿ ಹೇಳಿದಳೋ, ಕುರ್ಚಿಯಲ್ಲಿ ಕೂತ ಮಗಳನ್ನು ಒಮ್ಮೆಯಾದರೂ ಹಾಗೆ ಕರೆದು ನೋಡುವ ಆಸೆಯಿಂದ ಹೇಳಿದಳೋ, ಹುಡುಗಿಗೆ ತಿಳಿಯಲಿಲ್ಲ. ಯಾವುದೇ ಆಗಿದ್ದರೂ ಸಹಿಸುವಂಥದ್ದಾಗಿರಲಿಲ್ಲ.

ತೊಂಬತ್ತೆಂಟು. ನೂರಾ ಆರು. ಯಂತ್ರ ಕೀಂ ಕೀಂ ಎಂದು ಕೂಗತೊಡಗಿತು.

"ಏನಾಯ್ತು?" ನಗೆಸಾಹೇಬರು ಪರದೆಯತ್ತ ನೋಡಿದರು. ಅಲ್ಲಿ ಅದೇ ಆರನೇ ಚಿತ್ರ. "ಇದಕ್ಕಾ? ಇದಕ್ಕಿಂತ ಕೆಟ್ಟದ್ದನ್ನೇ ನೋಡಿದೆಯಲ್ಲಮ್ಮಾ. ಇರಲಿ, ಪರವಾಗಿಲ್ಲ. ಉಸಿರು ನಿಧಾನಕ್ಕೆ ತಗೋ. ಇಳಿದ ಮೇಲೆ ಇನ್ನೊಂದ್ಸಲ ನೋಡೋಣ. ನಮಗೇನೂ ಅವಸರ ಇಲ್ಲ."

ಅವರು ಕೆಟ್ಟವರಲ್ಲ. ಅವಕಾಶ ಕೊಡುತ್ತಿದ್ದರು. ಒಂದು ನಿಮಿಷ ಉಸಿರು ಹಿಡಿದರೆ ಮುಗಿಯಿತು. ಎರಡು ವರ್ಷ ಉಚಿತ. ಅಪ್ಪನ ಔಷಧಿ. ಎಸಿ.

ಮೇಜಿನ ಕೆಳಗಿನಿಂದ ಪಿಸುಮಾತು ಬಂತು. "ಹಿಡ್ಕೋ ಮಗಾ. ಅಪ್ಪ ಹೇಳ್ಕೊಟ್ಟಿದ್ದಾರಲ್ಲ, ಹಾಗೆ ಹಿಡ್ಕೋ."

ಹುಡುಗಿಯ ಬಾಯಿ ತಾನಾಗಿಯೇ ತೆರೆಯಿತು. ಗಾಳಿ ಅರ್ಧ ಒಳಗೆ ಬಂತು. ಕೆಳಗೆ ಅವ್ವನ ಕೈ ನೆಲ ಉಜ್ಜುತ್ತಿತ್ತು.

ಅವಳು ಗಾಳಿಯನ್ನು ಹೊರಗೆ ಬಿಟ್ಟುಬಿಟ್ಟಳು.

"ಹಿಡಿಯಲ್ಲ ಅವ್ವ," ಎಂದಳು, ಕೋಣೆಗೆಲ್ಲ ಕೇಳುವ ಹಾಗೆ.

"ಅವ್ವ?" ನಗೆಸಾಹೇಬರು ಒಮ್ಮೆ ಅವಳನ್ನು, ಒಮ್ಮೆ ಇವಳನ್ನು ನೋಡಿದರು. ಮುಖ ಅರಳಿತು. "ಇವಳೇನಾ ನಿಮ್ಮಮ್ಮ? ಎಂಥ ಸಂತೋಷ! ನಾನು ಹೇಳ್ಲಿಲ್ವಾ? ರಕ್ತ! ರಕ್ತದಲ್ಲೇ ಬಂದಿದೆ!"

ಅವ್ವನ ಕೈ ನಿಂತಿತು. ಮಂಡಿಗೆ ಕೈಯೂರಿ ಎದ್ದಳು. ಎದ್ದು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

"ಏನು ಬಂದಿದೆ ಸಾರ್ ರಕ್ತದಲ್ಲಿ?"

"ಅಸಹ್ಯ ಆಗದೇ ಇರೋದು ಕಣಮ್ಮಾ. ಒಳ್ಳೇದಕ್ಕೇ ಹೇಳ್ತಿರೋದು."

"ಇಲ್ಲಿಗೆ ಸೇರಿದ ಮೊದಲ ದಿನ ನಾನು ಮೂರು ಸಲ ವಾಂತಿ ಮಾಡಿದೀನಿ ಸಾರ್," ಎಂದಳು ಅವ್ವ. ಬೈಗುಳದ ಧ್ವನಿಯಲ್ಲ, ಮರೆತುಹೋದ ವಿಷಯ ತಿಳಿಸುವ ಧ್ವನಿ. "ಎರಡನೇ ಮಹಡೀಲಿ ಎರಡು ಸಲ, ಇಲ್ಲಿ ಒಂದ್ಸಲ. ಒರೆಸ್ಕೊಂಡಿದ್ದೂ ನಾನೇ. ಅದಕ್ಕೇ ನಿಮಗೆ ಗೊತ್ತಾಗಿಲ್ಲ."

ಎಂಜಿನಿಯರ್ ನೀರಿನ ಲೋಟವನ್ನು ಕೆಳಗಿಟ್ಟ.

ಅವ್ವ ಬಕೆಟ್ಟನ್ನು ಕಾಲಿನಿಂದ ಗೋಡೆಯ ಕಡೆಗೆ ತಳ್ಳಿದಳು. ನೆಲದ ಮೇಲೆ ಇನ್ನೂ ಅರ್ಧ ಉಳಿದಿತ್ತು.

"ಮಿಕ್ಕಿದ್ದು?" ಎಂದರು ನಗೆಸಾಹೇಬರು.

"ಮಿಕ್ಕಿದ್ದು ಅವರದು ಸಾರ್. ಅವರ ಹೊಟ್ಟೇದೇ ಅಲ್ವಾ?"

"ನೋಡಮ್ಮಾ, ನಿನ್ನ ಸೂಪರ್‌ವೈಸರಿಗೆ ಹೇಳಬೇಕಾಗುತ್ತೆ. ಕೆಲಸ ಹೋಗುತ್ತೆ." ಇದನ್ನು ಹೇಳುವಾಗ ಅವರು ಬಹಳ ಚೆನ್ನಾಗಿ ನಕ್ಕರು.

"ಹೇಳಿ ಸಾರ್. ಇವತ್ತೂ ಬೆರಳು ಹತ್ತಲಿಲ್ಲ. ನಾನು ಬಂದೇ ಇಲ್ಲ ಅಂತ ನಿಮ್ಮ ಮಶೀನೇ ಹೇಳ್ತಿದೆ. ಬರದೇ ಇರೋಳನ್ನ ಹೇಗೆ ತೆಗೀತೀರೋ ತೆಗೀರಿ."

ಮೂಲೆಯಲ್ಲಿ ಎಂಜಿನಿಯರ್ ಫಕ್ಕನೆ ನಕ್ಕು, ಕೂಡಲೇ ಕೆಮ್ಮಿದ.

ಹುಡುಗಿ ಚೀಲದಿಂದ ಹಳದಿ ಬಟ್ಟೆ ತೆಗೆದಳು. ಮಡಿಕೆ ಬಿಡಿಸಿದಳು. ನಗೆಸಾಹೇಬರ ಮುಂದೆ ಮೇಜಿನ ಮೇಲೆ ಹಾಸಿದಳು. ಕ್ಲಿಪ್ಪು ಇನ್ನೂ ಬೆರಳಲ್ಲೇ ಇತ್ತು.

"ಏನಿದು?"

"ಸ್ಕ್ರೀನ್ ಒರೆಸೋ ಬಟ್ಟೆ. ಗೆರೆ ಬೀಳಲ್ಲ. ನಿಮ್ಮ ಸ್ಕ್ರೀನು ನೀವೇ ಒರೆಸ್ಕೊಳ್ಳಿ."

"ಅಂದ್ರೆ ನಿಂಗೆ ಐಟಿ ಬೇಡ. ಯೋಚನೆ ಮಾಡಿ ಹೇಳು. ನಿಮ್ಮಂಥವರಿಗೆ ಇಂಥ ಚಾನ್ಸು ಇನ್ನೊಂದ್ಸಲ..."

"ಐಟಿ ಬೇಕು ಸಾರ್. ಅದನ್ನೇ ಓದ್ತೀನಿ. ಸರ್ಕಾರಿ ಕಾಲೇಜಲ್ಲಿ ನಾಲ್ಕು ಗಂಟೆ ತನಕ ಟೈಮಿದೆ. ಇದು ಐಟಿ ಅಲ್ಲ. ಇದು ನಮ್ಮಪ್ಪ ಇಳಿಯೋ ಗುಂಡೀನೇ. ನೀವು ಎಸಿ ಹಾಕ್ಸಿದೀರಿ."

"ನಾಲ್ಕು ವರ್ಷ ಓದಿ ಆಮೇಲೆ ಏನು ಮಾಡ್ತೀಯ?"

"ಗೊತ್ತಿಲ್ಲ."

ಅದು ನಿಜವಾಗಿತ್ತು. ಅವಳಿಗೆ ಗೊತ್ತಿರಲಿಲ್ಲ. ಅಪ್ಪನಿಗೆ ಏನು ಹೇಳಬೇಕು, ಮಾವನ ಬಾಯಿಯನ್ನು ಹೇಗೆ ಮುಚ್ಚಿಸಬೇಕು, ಅವ್ವನಿಗೆ ನಾಳೆ ಎಲ್ಲಿ ಕೆಲಸ, ಒಂದೂ ಗೊತ್ತಿರಲಿಲ್ಲ. ಹೆದರಿಕೆಯಾಗುತ್ತಿತ್ತು. ಹೇಸಿಗೆಯಾಗುತ್ತಿತ್ತು. ಸಿಟ್ಟು ಕುದಿಯುತ್ತಿತ್ತು. ಯಾವುದನ್ನೂ ಅವಳು ತಡೆಯಲಿಲ್ಲ. ತಾನು ಎಲ್ಲಿದ್ದೇನೆಂದು ಎದೆಗೆ ಚೆನ್ನಾಗಿ ಗೊತ್ತಾಗಲಿ ಎಂದು ಬಿಟ್ಟುಬಿಟ್ಟಳು.

"ನಡಿ ಮಗಾ," ಎಂದಳು ಅವ್ವ. "ಮುಂದಿನ ಬಾಗಿಲಿಂದಾನೇ ಹೋಗೋಣ."

ಹುಡುಗಿ ಕ್ಲಿಪ್ಪಿಗೆ ಕೈ ಹಾಕಿದಳು. ಎಂಜಿನಿಯರ್ ಗಂಟಲು ಸರಿಮಾಡಿಕೊಂಡು, ಯಾರತ್ತಲೂ ನೋಡದೆ ಕೇಳಿದ. "ಸಾರ್, ರಿಸಲ್ಟ್ ಎಷ್ಟು ಅಂತ ಹಾಕ್ಲಿ?"

 ನಗೆಸಾಹೇಬರ ಮುಖದಲ್ಲಿ ನಗುವಿನ ಜಾಗ ಖಾಲಿಯಾಗಿತ್ತು.

"ಮಶೀನು ಎಷ್ಟು ಹೇಳುತ್ತೋ ಅಷ್ಟೇ ಹಾಕಿ," ಎಂದಳು ಹುಡುಗಿ. "ಯಾರು ಕೇಳಿದ್ರೂ ಅದು ಒಂದೇ ಉತ್ತರ ಕೊಡುತ್ತೆ."

ಎಂಜಿನಿಯರ್ ತೆರೆಗೆ ಬಗ್ಗಿ ಓದಿದ. ನಿಮಿಷಕ್ಕೆ ನೂರಾ ನಲವತ್ತೊಂದು.